ಕಾರಣ ಸಿಗದ ಕುಂಟು: ತಿಂಗಳುಗಟ್ಟಲೆ ಕುಂಟುವ ಕುದುರೆಯನ್ನು ನಿಭಾಯಿಸುವುದು ಹೇಗೆ

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಒಬ್ಬ ಡಾಕ್ಟರು ಭುಜ ಅಂದರು, ಇನ್ನೊಬ್ಬರು ಮಂಡಿ ಅಂದರು, ಲಾಳ ಕಟ್ಟುವವರು ಗೊರಸಿನಲ್ಲಿ ದೋಷವಿಲ್ಲ ಎಂದು ಕೈತೊಳೆದುಕೊಂಡರು. ವಾರ ಲಾಯದಲ್ಲಿ ಕಟ್ಟಿದರೆ ಕುಂಟು ಹೋಗುತ್ತದೆ, ತಡಿ ಹಾಕಿ ಎರಡು ದಿನ ಹತ್ತಿದರೆ ಮತ್ತೆ ಬರುತ್ತದೆ. ಬೆಂಗಳೂರಿನ ರೈಡಿಂಗ್ ಶಾಲೆಯ ಕುದುರೆಗಾಗಲಿ, ಮೈಸೂರಿನ ಟಾಂಗಾ ಕುದುರೆಗಾಗಲಿ ಈ ಪಾಡು ಒಂದೇ.

ಇಂಥ ಕುದುರೆಯ ವಿಷಯದಲ್ಲಿ ರೋಗದ ಹೆಸರಿನ ಬೆನ್ನು ಹತ್ತಿದರೆ ದಾರಿ ತಪ್ಪುತ್ತದೆ. ಮೊದಲು ಗೊತ್ತಾಗಬೇಕಾದ್ದು ಜಾಗ. ಯಾವ ಕಾಲು, ಆ ಕಾಲಿನ ಯಾವ ಎತ್ತರದಲ್ಲಿ ನೋವು ಎಂಬುದು ಖಚಿತವಾದರೆ ಹೆಸರು ಬಹಳ ಸಲ ತಾನಾಗಿ ಸಿಗುತ್ತದೆ. ಸಿಗದಿದ್ದರೂ ಕುದುರೆಯನ್ನು ನೋಡಿಕೊಳ್ಳುವುದಕ್ಕೆ ಜಾಗ ತಿಳಿದಿದ್ದರೆ ಸಾಕು.

ಕಾರಣ ಸಿಗದ ಕುಂಟುಗಳಲ್ಲಿ ಬಹುಪಾಲು ನಿಗೂಢವೇನೂ ಅಲ್ಲ, ಸರಿಯಾಗಿ ನೋಡದೆ ಉಳಿದವು. ನೋವಿನ ಔಷಧ ಮೈಯಲ್ಲಿರುವಾಗಲೇ ಪರೀಕ್ಷೆ ಮಾಡಿಸಿರುತ್ತಾರೆ. ಮರಳಿನ ಮೇಲೆ ಮಾತ್ರ ಓಡಿಸಿ ನೋಡಿರುತ್ತಾರೆ. ಎರಡೂ ಮುಂಗಾಲು ನೋಯುತ್ತಿರುವುದರಿಂದ ತಲೆ ಕುಣಿಯುವುದೇ ಇಲ್ಲ, ಹೆಜ್ಜೆ ಮಾತ್ರ ಗಿಡ್ಡವಾಗಿರುತ್ತದೆ. ಅದನ್ನು ಸೋಮಾರಿತನ ಎಂದುಕೊಂಡಿರುತ್ತಾರೆ. ಇಲ್ಲವೇ ಲಾಳ, ಮೇವು, ತಡಿ, ಔಷಧ ನಾಲ್ಕನ್ನೂ ಒಂದೇ ವಾರದಲ್ಲಿ ಬದಲಿಸಿ, ಯಾವುದರಿಂದ ಏನಾಯಿತೆಂದು ತಿಳಿಯದಂತೆ ಮಾಡಿಕೊಂಡಿರುತ್ತಾರೆ. ಕೊನೆಯದ್ದು ಅತಿ ಸಾಮಾನ್ಯ, ಅತಿ ದುಬಾರಿ ಕೂಡ.

ಕಾಯಬಾರದ ಸಂದರ್ಭಗಳು

ಕೆಳಗಿನ ಲಕ್ಷಣ ಕಂಡ ದಿನ ನಿಧಾನದ ಹುಡುಕಾಟ ಬಿಟ್ಟು ಡಾಕ್ಟರನ್ನು ಕರೆಸಿ:

- ಕಾಲನ್ನು ನೆಲಕ್ಕೆ ಊರುವುದೇ ಇಲ್ಲ. ಗೊರಸಿನೊಳಗಿನ ಕೀವಿನಿಂದಲೂ ಹೀಗಾಗುತ್ತದೆ, ಮೂಳೆ ಮುರಿದಾಗಲೂ ಆಗುತ್ತದೆ. ಡಾಕ್ಟರು ನೋಡುವವರೆಗೆ ನಡೆಸಬೇಡಿ.
- ಕೀಲಿನ ಬಳಿ, ಸ್ನಾಯುರಜ್ಜಿನ ಮೇಲೆ ಅಥವಾ ಗೊರಸಿನಡಿ ತೂತಿನಂಥ ಗಾಯ. ಮೊಳೆ ಚುಚ್ಚಿಕೊಂಡಿದ್ದರೆ, ಡಾಕ್ಟರು ಬೇಗ ಬರುವಂತಿದ್ದರೆ ಕೀಳಬೇಡಿ. ಮೊಳೆ ಇರುವಾಗಲೇ ಎಕ್ಸ್‌ರೇ ತೆಗೆದರೆ ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗಿದೆ ಎಂದು ಕಾಣುತ್ತದೆ. ಅದು ಇನ್ನೂ ಒಳಗೆ ಹೋಗದಂತೆ ಅಕ್ಕಪಕ್ಕ ಮರದ ತುಂಡು ಕಟ್ಟಿ. ಧನುರ್ವಾಯು ಲಸಿಕೆ ಯಾವಾಗ ಆಗಿದೆ ಎಂದು ನೋಡಿಕೊಳ್ಳಿ.
- ಎರಡೂ ಮುಂಗಾಲು ಮುಂದೆ ಚಾಚಿ, ಭಾರ ಹಿಂದಕ್ಕೆ ಹಾಕಿ ನಿಂತಿದೆ, ಗೊರಸು ಬಿಸಿ, ನಾಡಿ ಬಲವಾಗಿ ಹೊಡೆಯುತ್ತಿದೆ. ಇದು ಲ್ಯಾಮಿನೈಟಿಸ್‌ನ, ಅಂದರೆ ಗೊರಸಿನೊಳಗಿನ ಪದರಗಳ ಉರಿಯೂತದ, ಭಂಗಿ. ಡಾಕ್ಟರು ಬರುವಷ್ಟರಲ್ಲಿ ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಇಡಿ, ಕಾಳು ಪೂರ್ತಿ ನಿಲ್ಲಿಸಿ.
- ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದೆ, ಅದರ ಜೊತೆ ಕಾಲು ಊದಿದೆ.
- ಹಿಂಗಾಲಿನ ಒಳಬದಿಯಲ್ಲಿ ಸಾಲಾಗಿ ಗಂಟುಗಳೆದ್ದು, ಒಡೆದು, ಜೇನಿನಂಥ ಅಂಟು ಕೀವು ಸೋರುತ್ತಿದೆ. ಇದು ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಇರಬಹುದು, ಮನುಷ್ಯರಿಗೂ ಅಂಟುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಬೇರೆ ಕುದುರೆಗಳಿಂದ ದೂರ ಕಟ್ಟಿ, ಸರ್ಕಾರಿ ಪಶುವೈದ್ಯರಿಗೆ ತಿಳಿಸಿ. ಹಾಗೆ ತಿಳಿಸುವುದು ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕೇಂದ್ರ ಕಾಯ್ದೆಯ ಪ್ರಕಾರ ಕಡ್ಡಾಯ.

ದಿನಾ ಕೈಯಿಂದ ನೋಡಬೇಕಾದ್ದು

ಬೆಳಿಗ್ಗೆ ಮೇವಿಗೆ ಮೊದಲು, ಕುದುರೆ ಶಾಂತವಾಗಿರುವಾಗ ಹತ್ತು ನಿಮಿಷ ಸಾಕು. ಗುದದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ (37.5ರಿಂದ 38.5 ಸರಿ). ಎದೆಬಡಿತ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ನೋವಿರುವ ಕುದುರೆಯಲ್ಲಿ ಇದು ಏರುತ್ತದೆ.

ಕಾಲಿನ ನಾಡಿಯನ್ನು ಕಲಿಯಲೇಬೇಕು. ಫೆಟ್‌ಲಾಕ್ ಕೀಲಿನ (ಗೊರಸಿನಿಂದ ಸ್ವಲ್ಪ ಮೇಲಿರುವ ದಪ್ಪ ಕೀಲು) ಹಿಂಬದಿಯಲ್ಲಿ, ಎಡಬಲ ಎರಡೂ ಕಡೆ, ಗಟ್ಟಿಯಾದ ಸಣ್ಣ ಮೂಳೆಯ ಉಬ್ಬು ಕೈಗೆ ಸಿಗುತ್ತದೆ. ಆ ಉಬ್ಬಿನ ಮೇಲೆ ಹಾದುಹೋಗುವ ದಾರದಂಥ ಕಟ್ಟು ಬೆರಳಿನಡಿ ಜಾರುತ್ತದೆ; ರಕ್ತನಾಳ ಮತ್ತು ನರ ಒಟ್ಟಿಗೆ ಇರುವ ಜಾಗ ಅದು. ಎರಡು ಬೆರಳನ್ನು ಹಗುರವಾಗಿ ಇಟ್ಟು ಅರ್ಧ ನಿಮಿಷ ಕಾಯಿರಿ. ಜೋರಾಗಿ ಒತ್ತಿದರೆ ನಾಡಿ ನಿಂತು ಏನೂ ತಿಳಿಯುವುದಿಲ್ಲ. ಹೆಬ್ಬೆರಳಿಟ್ಟರೆ ನಿಮ್ಮದೇ ನಾಡಿ ಎಣಿಸುತ್ತೀರಿ. ಆರೋಗ್ಯದ ಕಾಲಿನಲ್ಲಿ ಹೊಡೆತ ತೀರ ಸಣ್ಣದು, ಕೆಲವೊಮ್ಮೆ ಸಿಗುವುದೇ ಇಲ್ಲ. ಒಂದು ಕಾಲಿನಲ್ಲಿ ಮಾತ್ರ ಬೆರಳನ್ನು ಎತ್ತಿ ಬಡಿಯುವಂತಿದ್ದರೆ ಆ ಗೊರಸಿನೊಳಗೆ ಉರಿಯೂತವಿದೆ ಎಂದೇ ತಿಳಿಯಿರಿ. ಬರೀ ಗೊರಸಿನ ಬಿಸಿಯನ್ನು ನಂಬಬೇಡಿ. ಬಿಸಿಲಿಗೆ ನಿಂತ ಕುದುರೆಯ ನಾಲ್ಕೂ ಗೊರಸು ಬಿಸಿಯಾಗಿರುತ್ತವೆ. ಒಂದು ಕಾಲನ್ನು ಇನ್ನೊಂದರ ಜೊತೆ ಹೋಲಿಸಿದರೆ ಮಾತ್ರ ಅರ್ಥ.

ಆಮೇಲೆ ಮೊಣಕಾಲಿನಿಂದ ಕೆಳಗೆ ಎರಡೂ ಕೈಯಲ್ಲಿ ಸವರುತ್ತ ಬನ್ನಿ. ಕಾಲು ಊರಿದ್ದಾಗ ಒಮ್ಮೆ, ಎತ್ತಿ ಹಿಡಿದು ಒಮ್ಮೆ. ಹಿಂಬದಿಯ ಸ್ನಾಯುರಜ್ಜುಗಳನ್ನು ಬೆರಳ ನಡುವೆ ಬಿಡಿಬಿಡಿಯಾಗಿ ಹಿಡಿಯಬಹುದು. ಎಲ್ಲೋ ಒಂದು ಕಡೆ ಮೆತ್ತಗೆ ದಪ್ಪವಾಗಿದ್ದು, ಅಲ್ಲಿ ಒತ್ತಿದಾಗ ಕಾಲು ಸೆಳೆದುಕೊಂಡರೆ ಗುರುತು ಹಾಕಿಕೊಳ್ಳಿ.

ಯಾವ ಕಾಲು?

ನಡಿಗೆಯಲ್ಲಿ ಕುಂಟು ಬಚ್ಚಿಟ್ಟುಕೊಳ್ಳುತ್ತದೆ, ನಾಗಾಲೋಟದಲ್ಲಿ ಗೊಂದಲವಾಗುತ್ತದೆ. ನೋಡಬೇಕಾದ್ದು ಟ್ರಾಟ್‌ನಲ್ಲಿ, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಹದ ಓಟದಲ್ಲಿ. 30 ಮೀಟರ್ ಸಮತಟ್ಟಾದ ಗಟ್ಟಿ ನೆಲ ಬೇಕು; ಕಾಂಕ್ರೀಟು ಅಥವಾ ಡಾಂಬರು ಆದೀತು, ಜಾರದಿದ್ದರೆ. ಸೈಸ್ (ಕುದುರೆ ನೋಡಿಕೊಳ್ಳುವಾತ) ಹಗ್ಗವನ್ನು ಒಂದು ಮಾರು ಸಡಿಲ ಬಿಟ್ಟು ಕುದುರೆಯ ಭುಜದ ಪಕ್ಕ ಓಡಬೇಕು. ಹಗ್ಗ ಬಿಗಿ ಹಿಡಿದರೆ ತಲೆ ಅಲ್ಲಾಡುವುದಿಲ್ಲ, ಎಲ್ಲ ಶ್ರಮವೂ ನೀರುಪಾಲು.

ಮುಂಗಾಲಿಗೆ ತಲೆ ನೋಡಿ. ನೋವಿನ ಕಾಲು ಊರಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗುತ್ತದೆ. ಹಿಂಗಾಲಿಗೆ ಸೊಂಟ ನೋಡಿ. ಎರಡೂ ಬದಿಯ ಸೊಂಟದ ಮೂಳೆಯ ತುದಿಗೆ ಬಿಳಿ ಟೇಪಿನ ತುಂಡು ಅಂಟಿಸಿ ಹಿಂದೆ ನಿಂತು ನೋಡಿದರೆ, ಸಾಮಾನ್ಯವಾಗಿ ನೋವಿರುವ ಬದಿಯ ಟೇಪು ಹೆಚ್ಚು ಏರಿಳಿಯುತ್ತದೆ.

ಇಲ್ಲಿ ಪಳಗಿದವರೂ ಎಡವುವ ಒಂದು ತಿರುವಿದೆ. ಟ್ರಾಟ್‌ನಲ್ಲಿ ಎಡ ಹಿಂಗಾಲು ಮತ್ತು ಬಲ ಮುಂಗಾಲು ಒಟ್ಟಿಗೆ ಊರುತ್ತವೆ. ಎಡ ಹಿಂಗಾಲು ನೋಯುವ ಕುದುರೆ ಆ ಕ್ಷಣಕ್ಕೆ ಭಾರವನ್ನು ಮುಂದಕ್ಕೆ ನೂಕಲು ತಲೆ ತಗ್ಗಿಸುತ್ತದೆ. ಅಂದರೆ ಬಲ ಮುಂಗಾಲು ಊರಿದಾಗ ತಲೆ ತಗ್ಗಿತು. ನೋಡುವವರಿಗೆ ಎಡ ಮುಂಗಾಲು ಕುಂಟಿದಂತೆ ಕಾಣುತ್ತದೆ. ಹಾಗಾಗಿ ಒಂದೇ ಬದಿಯ ಮುಂಗಾಲು, ಹಿಂಗಾಲು ಎರಡೂ ಕುಂಟುವಂತೆ ಕಂಡರೆ ಮೊದಲು ಹಿಂಗಾಲನ್ನು ಅನುಮಾನಿಸಿ. ತಿಂಗಳುಗಟ್ಟಲೆ ಎಡ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡ ಎಷ್ಟೋ ಕುದುರೆಗಳ ನೋವು ಎಡ ಹಿಂಗಾಲಿನ ನಡುವಿನ ಹಾಕ್ ಕೀಲಿನಲ್ಲಿರುತ್ತದೆ. ಭುಜದ ನೋವು ಎನ್ನುವ ಮಾತು ಕೇಳಿದಾಗಲೆಲ್ಲ ಗೊರಸನ್ನು ಮತ್ತೊಮ್ಮೆ ನೋಡುವುದು ಒಳ್ಳೆಯ ರೂಢಿ. ಮುಂಗಾಲಿನ ಕುಂಟುಗಳಲ್ಲಿ ಹೆಚ್ಚಿನವು ಗೊರಸಿನವೇ.

ನೇರ ಓಟ ಆದಮೇಲೆ 10–15 ಮೀಟರ್ ಅಗಲದ ವೃತ್ತದಲ್ಲಿ ಎಡಕ್ಕೂ ಬಲಕ್ಕೂ ಓಡಿಸಿ. ಮೊದಲು ಗಟ್ಟಿ ನೆಲ, ಆಮೇಲೆ ಮೆತ್ತನೆಯದು. ಗಟ್ಟಿ ನೆಲದಲ್ಲಿ ನೋವಿನ ಕಾಲು ವೃತ್ತದ ಒಳಗಿದ್ದಾಗ ಕುಂಟು ಹೆಚ್ಚಿದರೆ ಸಾಮಾನ್ಯವಾಗಿ ಗೊರಸಿನ ಕಡೆ ಬೆರಳು ತೋರುತ್ತದೆ. ಮೆತ್ತನೆ ನೆಲದಲ್ಲಿ, ಕಾಲು ಹೊರಗಿದ್ದಾಗ ಹೆಚ್ಚಿದರೆ ಫೆಟ್‌ಲಾಕನ್ನು ಹಿಂದಿನಿಂದ ಎತ್ತಿಹಿಡಿಯುವ ಸಸ್ಪೆನ್ಸರಿ ಲಿಗಮೆಂಟಿನಂಥ ಮೆದು ಅಂಗಾಂಶದ ಕಡೆ. ಇದು ಸುಳಿವು ಮಾತ್ರ, ತೀರ್ಪಲ್ಲ. ಎರಡೂ ಮುಂಗಾಲು ನೋಯುವ ಕುದುರೆ ಎಡಕ್ಕೆ ತಿರುಗಿದಾಗ ಎಡಗಾಲು, ಬಲಕ್ಕೆ ತಿರುಗಿದಾಗ ಬಲಗಾಲು ಕುಂಟುತ್ತದೆ. ನೇರ ಓಟದಲ್ಲಿ ಸಿಗದ ಕಳ್ಳ ವೃತ್ತದಲ್ಲಿ ಸಿಕ್ಕಿಬೀಳುತ್ತಾನೆ.

ಎಲ್ಲವನ್ನೂ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಎದುರಿನಿಂದ, ಹಿಂದಿನಿಂದ, ಪಕ್ಕದಿಂದ, ಪ್ರತಿಸಲ ಅದೇ ಜಾಗ, ಅದೇ ಎತ್ತರ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ನೆಲ, ಯಾವ ಕಾಲು, ಕುಂಟಿನ ಮಟ್ಟ, ನಾಡಿ, ಔಷಧ, ಲಾಳ ಕಟ್ಟಿ ಎಷ್ಟು ದಿನ, ಹಿಂದಿನ ದಿನದ ಕೆಲಸ ಇಷ್ಟು ಬರೆಯಿರಿ. ಮಟ್ಟಕ್ಕೆ ಅಮೆರಿಕದ ಕುದುರೆ ವೈದ್ಯರ ಸಂಘದ 0ಯಿಂದ 5ರ ಅಳತೆ ಎಲ್ಲ ಡಾಕ್ಟರಿಗೂ ಗೊತ್ತು: 1 ಅಂದರೆ ಕಂಡೂ ಕಾಣದಂತೆ, ಒಮ್ಮೊಮ್ಮೆ ಮಾತ್ರ, 2 ಅಂದರೆ ನೇರ ನಡಿಗೆಯಲ್ಲೂ ನೇರ ಟ್ರಾಟ್‌ನಲ್ಲೂ ಕಾಣುವುದು ಕಷ್ಟ, ವೃತ್ತದಂಥ ಕೆಲವು ಸನ್ನಿವೇಶದಲ್ಲಿ ತಪ್ಪದೆ ಕಾಣುತ್ತದೆ, 3 ಅಂದರೆ ಟ್ರಾಟ್‌ನಲ್ಲಿ ಯಾವಾಗಲೂ, 4 ನಡಿಗೆಯಲ್ಲೇ ಎದ್ದು ಕಾಣುತ್ತದೆ, 5 ಭಾರ ಹಾಕುವುದೇ ಇಲ್ಲ. ಈ ಬರಹವಿಲ್ಲದೆ "ಸ್ವಲ್ಪ ವಾಸಿ" ಎನ್ನುವ ಮಾತಿಗೆ ಬೆಲೆಯಿಲ್ಲ.

ಗೊರಸನ್ನು ಪೂರ್ತಿ ಖಾಲಿ ಮಾಡಿ

ಅಂದರೆ ಗೊರಸಿನ ಮೇಲೆ ಯಾವ ಅನುಮಾನವೂ ಉಳಿಯದಷ್ಟು ನೋಡಿ ಮುಗಿಸಬೇಕು. ಲಾಳ ಬಿಚ್ಚಿಸಿ. ಮೊಳೆಗಳನ್ನು ಒಟ್ಟಿಗೆ ಜಗ್ಗದೆ ಒಂದೊಂದಾಗಿ ಕೀಳಿಸಿ, ಪ್ರತಿ ಮೊಳೆಯನ್ನೂ ನೋಡಿ: ಒದ್ದೆಯಾಗಿದ್ದರೆ, ಕಪ್ಪಾಗಿದ್ದರೆ, ವಾಸನೆ ಬಂದರೆ ಆ ಮೊಳೆ ಜೀವವಿರುವ ಭಾಗವನ್ನು ಮುಟ್ಟಿದೆ. ಲಾಳ ಕಟ್ಟಿದ ಮರುದಿನದಿಂದ ಒಂದು ವಾರದೊಳಗೆ ಶುರುವಾದ ಕುಂಟಿನಲ್ಲಿ ಇದೇ ಮೊದಲ ಅನುಮಾನ. ಮೊಳೆ ಒಳಗೆ ಚುಚ್ಚದೆ, ಬರೀ ಒತ್ತಿಕೊಂಡಿದ್ದರೂ ಕುಂಟು ಬರುತ್ತದೆ. ಆ ಮೊಳೆ ತೆಗೆದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ.

ಆಮೇಲೆ ಗೊರಸಿನಡಿಯ ಒಣ ಪದರವನ್ನು ಚಾಕುವಿನಿಂದ ತೆಳ್ಳಗೆ ಹೆರೆದು, ಇಕ್ಕಳದಂಥ ಹೂಫ್ ಟೆಸ್ಟರಿನಿಂದ ಎರಡು ಬೆರಳಿಗೊಂದು ಸಲ ಸುತ್ತಲೂ ಒತ್ತಿ. ಒಂದೇ ಜಾಗದಲ್ಲಿ ಮೂರು ಸಲವೂ ಕಾಲು ಸೆಳೆದರೆ ಮಾತ್ರ ಲೆಕ್ಕ. ಒಳ್ಳೆಯ ಕಾಲನ್ನು ಮೊದಲು ಒತ್ತಿ, ಆ ಕುದುರೆಯ ಸ್ವಭಾವ ತಿಳಿದುಕೊಳ್ಳಿ. ಹೆರೆಯುವಾಗ, ಗೊರಸಿನ ಗೋಡೆಯೂ ಅಡಿಯೂ ಸೇರುವ ಬಿಳಿ ಗೆರೆಯಲ್ಲಿ ಕಪ್ಪು ಚುಕ್ಕೆಯೊಂದು ಸಿಕ್ಕರೆ ಅದರ ಹಿಂದೆಯೇ ಹೋಗಬೇಕು. ಚಾಕು ಆಳಕ್ಕಿಳಿದಂತೆ ಬರೀ ಕೊಳೆಯಾಗಿದ್ದರೆ ಮಾಯವಾಗುತ್ತದೆ. ಕೀವಿನ ದಾರಿಯಾಗಿದ್ದರೆ ಕಪ್ಪು ಮುಂದುವರಿದು, ಕೊನೆಗೆ ಬೂದು ಬಣ್ಣದ ನಾರುವ ದ್ರವ ಜಿನುಗುತ್ತದೆ. ರಕ್ತ ಬರುವಷ್ಟು ಅಗೆಯುವುದು ತಪ್ಪು. ಒಳಗಿನ ಮೆದು ಭಾಗ ತೂತಿನಿಂದ ಹೊರಚಾಚಿದರೆ ಮೂಲ ಕಾಯಿಲೆಗಿಂತ ಹೆಚ್ಚು ದಿನ ಕಾಡುತ್ತದೆ.

ಕೀವಿರಬಹುದೆಂಬ ಅನುಮಾನವಿದ್ದು ದಾರಿ ಸಿಗದಿದ್ದರೆ ಪಟ್ಟು ಹಾಕಿ. 200 ಗ್ರಾಂ ಎಪ್ಸಮ್ ಸಾಲ್ಟು, ನಾಲ್ಕು ಹಿಡಿ ಗೋಧಿ ಬೂಸಾ, ಕಲಸುವಷ್ಟು ಬಿಸಿನೀರು. ನಿಮ್ಮ ಮೊಣಕೈಗೆ ತಡೆಯುವಷ್ಟೇ ಬಿಸಿ. ಗೊರಸಿನಡಿ ಮೆತ್ತಿ, ಮಕ್ಕಳ ಡೈಪರ್ ಸುತ್ತಿ, ಮೇಲೆ ಡಕ್ಟ್ ಟೇಪು. ಕೂದಲು ಶುರುವಾಗುವ ಗೆರೆಯ ಮೇಲೆ ಟೇಪು ಬಿಗಿಯಬಾರದು. ದಿನಕ್ಕೊಮ್ಮೆ ಬದಲಿಸಿ, ಮೂರು ದಿನ ಸಾಕು. ಅದಕ್ಕಿಂತ ಹೆಚ್ಚಾದರೆ ಇಡೀ ಗೊರಸು ನೆನೆದು ಮೆತ್ತಗಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಗೊರಸಿಗೆ ಹೆಚ್ಚುವರಿ ನೀರೇ ಬೇಡ. ಒಡೆದ ಮೇಲೆ ಒಣಗಿಸಿ, ಪೊವಿಡೋನ್ ಅಯೋಡಿನ್ ಹತ್ತಿ ತುಂಬಿ. ಕೀವು ಕೆಲವೊಮ್ಮೆ ಕೆಳಗೆ ದಾರಿ ಸಿಗದೆ ಮೇಲೇರಿ ಕೂದಲಿನ ಗೆರೆಯಲ್ಲಿ ಒಡೆಯುತ್ತದೆ. ಅಲ್ಲಿಯವರೆಗೂ ಕುಂಟು ಹತ್ತುತ್ತ ಇಳಿಯುತ್ತ ಇರುತ್ತದೆ.

ಲಾಳದ ಅವಧಿಯನ್ನೂ ನೋಡಿ. ಗೊರಸು ತಿಂಗಳಿಗೆ 8–10 ಮಿಲಿಮೀಟರ್ ಬೆಳೆಯುತ್ತದೆ. ಎಂಟು ಹತ್ತು ವಾರ ಬಿಟ್ಟರೆ ಗೊರಸಿನ ಮುಂತುದಿ ಉದ್ದವಾಗಿ, ಹಿಮ್ಮಡಿ ಕುಸಿದು, ಹಿಂಭಾಗದ ಸ್ನಾಯುರಜ್ಜಿಗೂ ಗೊರಸಿನೊಳಗಿನ ಸಣ್ಣ ನ್ಯಾವಿಕ್ಯುಲರ್ ಮೂಳೆಗೂ ಎಳೆತ ಹೆಚ್ಚುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಲೇಬೇಕು. ಕುಂಟು ಲಾಳದ ಅವಧಿಯ ಕೊನೆಗೆ ಹೆಚ್ಚಿ, ಹೊಸ ಲಾಳ ಕಟ್ಟಿದ ಮೇಲೆ ಇಳಿಯುತ್ತಿದೆಯೆಂದು ನೋಟ್‌ಬುಕ್ಕು ಹೇಳಿದರೆ ಅರ್ಧ ಉತ್ತರ ಸಿಕ್ಕಂತೆ.

ನೋವನ್ನು ಮರಗಟ್ಟಿಸಿ ಹುಡುಕುವುದು

ಗೊರಸಿನಲ್ಲಿ ಕಣ್ಣಿಗೆ ಏನೂ ಸಿಗಲಿಲ್ಲವೆಂದರೆ ಮುಂದಿನ ಹೆಜ್ಜೆ ಸ್ಕ್ಯಾನ್ ಅಲ್ಲ, ನರ್ವ್ ಬ್ಲಾಕ್. ಕಾಲಿನ ನರದ ಸುತ್ತ ಲಿಗ್ನೋಕೇನ್ ಅಥವಾ ಮೆಪಿವಕೇನ್ ಚುಚ್ಚಿ, ಅಲ್ಲಿಂದ ಕೆಳಗೆ ಸ್ಪರ್ಶವಿಲ್ಲದಂತೆ ಮಾಡಿ ಮತ್ತೆ ಓಡಿಸುತ್ತಾರೆ. ಕುಂಟು ಹೋದರೆ ನೋವು ಆ ಭಾಗದಲ್ಲಿದೆ. ಹೋಗದಿದ್ದರೆ ಒಂದು ಮಟ್ಟ ಮೇಲೆ. ಕೆಳಗಿನಿಂದ ಮೇಲಕ್ಕೇ ಹೋಗಬೇಕು, ಮೇಲಿನಿಂದ ಶುರುಮಾಡಿದರೆ ಜಾಗ ತಿಳಿಯುವುದಿಲ್ಲ. ಇದು ಕುದುರೆಗಳಲ್ಲಿ ಕೈಪಳಗಿದ ಡಾಕ್ಟರ ಕೆಲಸ, ಮಾಲೀಕರದ್ದಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಯಲ್ಲೋ ರೇಸ್ ಕುದುರೆಗಳನ್ನು ನೋಡುವ ಖಾಸಗಿ ಡಾಕ್ಟರ ಬಳಿಯೋ ವಿಚಾರಿಸಿ, ಬ್ಲಾಕ್ ಮಾಡುತ್ತೀರಾ ಎಂದು ನೇರವಾಗಿ ಕೇಳಿ. ಒಂದೇ ಬೆಳಿಗ್ಗೆಯಲ್ಲಿ ಮುಗಿಯದಿರಬಹುದು, ಎರಡು ದಿನಕ್ಕೆ ಸಿದ್ಧವಾಗಿ ಹೋಗಿ.

ನಿಮ್ಮ ಪಾಲಿನ ತಯಾರಿ ಇಷ್ಟು. ನೋವಿನ ಔಷಧವನ್ನು ಡಾಕ್ಟರನ್ನು ಕೇಳಿ 4–5 ದಿನ ಮೊದಲೇ ನಿಲ್ಲಿಸಿ. ಆ ದಿನ ಕುಂಟು ಕಾಣುವಂತಿರಬೇಕು. ಮಟ್ಟ 1ರ ಕುಂಟಿಗೆ ಬ್ಲಾಕ್ ಮಾಡಿದರೆ ಹೋಯಿತೋ ಇತ್ತೋ ತಿಳಿಯದು. ಯಾವ ಕೆಲಸದಿಂದ ಕುಂಟು ಏಳುತ್ತದೋ ಅದನ್ನು ಹಿಂದಿನ ಎರಡು ದಿನ ಹದವಾಗಿ ಮಾಡಿಸಿ. ಮೂಳೆ ಬಿರುಕಿನ ಅನುಮಾನವಿದ್ದರೆ ಮಾತ್ರ ಇದೆಲ್ಲ ಬೇಡ. ನೋವು ತಿಳಿಯದ ಕುದುರೆ ಪೂರ್ತಿ ಭಾರ ಹಾಕಿ ಬಿರುಕನ್ನು ಮುರಿತ ಮಾಡಿಕೊಳ್ಳುತ್ತದೆ. ಓಟದ ಕುದುರೆಗಳಲ್ಲಿ ಈ ಎಚ್ಚರ ಬಹಳ ಮುಖ್ಯ.

ಮೊದಲ ಬ್ಲಾಕು ಹಿಮ್ಮಡಿಯ ಮೇಲೆ, ಪ್ರತಿ ಬದಿಗೆ ಒಂದೂವರೆ ಎರಡು ಮಿಲಿಲೀಟರ್. 5ರಿಂದ 10 ನಿಮಿಷ ಬಿಟ್ಟು, ಪೆನ್ನಿನ ತುದಿಯಿಂದ ಹಿಮ್ಮಡಿಯ ಚರ್ಮ ಒತ್ತಿ ಸ್ಪರ್ಶವಿಲ್ಲವೆಂದು ಖಚಿತಪಡಿಸಿಕೊಂಡೇ ಓಡಿಸಬೇಕು. ಎರಡನೆಯದು ಫೆಟ್‌ಲಾಕಿನ ಹಿಂಬದಿ, ನೀವು ನಾಡಿ ಹಿಡಿದ ಅದೇ ಜಾಗ. ಆಮೇಲೆ ಫೆಟ್‌ಲಾಕಿನ ಮೇಲೆ, ನಂತರ ಮಂಡಿಯ ಕೆಳಗೆ. ಮೇಲಿನ ಬ್ಲಾಕುಗಳಿಗೆ 20–40 ನಿಮಿಷ ಕಾಯಬೇಕಾಗುತ್ತದೆ. ಮೇಲಿನ ಬ್ಲಾಕಿನಲ್ಲಿ ಅವಸರ ಮಾಡಿ ಐದೇ ನಿಮಿಷಕ್ಕೆ "ಹೋಗಲಿಲ್ಲ" ಎನ್ನುವುದು, ಇಲ್ಲವೇ ಕೆಳಗಿನ ಬ್ಲಾಕಿನಲ್ಲಿ ಅರ್ಧ ಗಂಟೆ ಬಿಟ್ಟು ಔಷಧ ಮೇಲಕ್ಕೆ ಹರಡಿದ ಮೇಲೆ "ಕೆಳಗೇ ಇದೆ" ಎನ್ನುವುದು, ಎರಡೂ ದಾರಿ ತಪ್ಪಿಸುತ್ತವೆ. ಕುಂಟು ಎಡಗಾಲಿನಿಂದ ಹೋಗಿ ಬಲಗಾಲಿಗೆ ಹಾರಿದರೆ ಗಾಬರಿ ಬೇಡ, ಒಳ್ಳೆಯ ಸುದ್ದಿ: ಎರಡೂ ಕಾಲು ಮೊದಲಿನಿಂದ ನೋಯುತ್ತಿದ್ದವು, ಈಗ ಗೊತ್ತಾಯಿತು. ಪರೀಕ್ಷೆ ಮುಗಿದ ಮೇಲೆ ಎರಡು ಮೂರು ಗಂಟೆ ಲಾಯದಲ್ಲೇ ಇರಲಿ. ಸ್ಪರ್ಶವಿಲ್ಲದ ಕಾಲು ಎಡವುತ್ತದೆ.

ಕೀಲು ಮಡಚಿ 60 ಸೆಕೆಂಡ್ ಹಿಡಿದು ಓಡಿಸುವ ಪರೀಕ್ಷೆಯನ್ನೂ ಮಾಡುತ್ತಾರೆ. ಆರೋಗ್ಯದ ಕುದುರೆಗಳೂ ಇದರ ನಂತರ ನಾಲ್ಕು ಹೆಜ್ಜೆ ಕುಂಟುವುದುಂಟು. ಎಡ–ಬಲದ ವ್ಯತ್ಯಾಸಕ್ಕಷ್ಟೇ ಬೆಲೆ.

ಜಾಗ ಗೊತ್ತಾದ ಮೇಲೆ ಚಿತ್ರ. ಮೂಳೆಗೆ ಎಕ್ಸ್‌ರೇ, ಸ್ನಾಯುರಜ್ಜು ಲಿಗಮೆಂಟುಗಳಿಗೆ ಅಲ್ಟ್ರಾಸೌಂಡ್. ಗೊರಸಿನ ಎಕ್ಸ್‌ರೇಗೆ ಲಾಳ ಬಿಚ್ಚಿ, ಸಂದುಗಳನ್ನು ಚೊಕ್ಕ ಮಾಡಿ. ಇಲ್ಲವಾದರೆ ಸಿಕ್ಕಿಕೊಂಡ ಗಾಳಿಯ ನೆರಳು ಬಿರುಕಿನಂತೆ ಕಾಣುತ್ತದೆ. ಒಳ್ಳೆಯ ಕಾಲಿನದ್ದೂ ಅದೇ ಕೋನದಲ್ಲಿ ತೆಗೆಸಿ. ಕೂದಲೆಳೆಯ ಬಿರುಕು ಮೊದಲ ದಿನ ಕಾಣದಿರಬಹುದು, 10–14 ದಿನ ಬಿಟ್ಟು ಮತ್ತೆ ತೆಗೆದಾಗ ಕಾಣುತ್ತದೆ. ಅದೇ ರೀತಿ, ಹದಿನೈದು ವರ್ಷದ ಕುದುರೆಯ ಎಕ್ಸ್‌ರೇಯಲ್ಲಿ ಕೀಲಿನಂಚಿನ ಮೂಳೆ ಸ್ವಲ್ಪ ಬೆಳೆದಿದೆ ಎಂದ ಮಾತ್ರಕ್ಕೆ ಕುಂಟಿಗೆ ಅದೇ ಕಾರಣವೆಂದು ಹಣೆಪಟ್ಟಿ ಹಚ್ಚಬೇಡಿ. ಬ್ಲಾಕಿಗೆ ಸ್ಪಂದಿಸಿದ ಜಾಗವೂ ಎಕ್ಸ್‌ರೇಯ ದೋಷವೂ ತಾಳೆಯಾಗಬೇಕು.

ಕಾಲಿನಲ್ಲೇ ಇಲ್ಲದ ಕುಂಟು

ಬೂಸಾದ ಕಥೆಯನ್ನು ಇಲ್ಲಿ ವಿಸ್ತಾರವಾಗಿ ಹೇಳಲೇಬೇಕು. ಇವತ್ತು ಒಂದು ಕಾಲು, ಮುಂದಿನ ವಾರ ಇನ್ನೊಂದು ಕುಂಟುವ, ಎಲ್ಲಿ ಒತ್ತಿದರೂ ನಿಖರ ನೋವು ತೋರದ ಕುದುರೆಯ ಮೇವಿನ ಗೋಣಿಚೀಲವನ್ನು ನೋಡಿ. ಒಂದು ಕಿಲೋ ಗೋಧಿ ಬೂಸಾದಲ್ಲಿ ಸುಮಾರು 11 ಗ್ರಾಂ ರಂಜಕವಿದ್ದರೆ ಕ್ಯಾಲ್ಸಿಯಂ ಒಂದು ಒಂದೂವರೆ ಗ್ರಾಂ ಮಾತ್ರ. ಕುದುರೆಗೆ ಬೇಕಾದ್ದು ಇದರ ತಿರುಗುಮುರುಗು, ಕ್ಯಾಲ್ಸಿಯಂ ಕನಿಷ್ಠ ರಂಜಕದಷ್ಟಾದರೂ ಇರಬೇಕು. ಮೇಲಿಂದ ನೇಪಿಯರ್ ಹುಲ್ಲು, ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಇದ್ದಷ್ಟು ಕ್ಯಾಲ್ಸಿಯಂ ಕೂಡ ದಕ್ಕದಂತೆ ಕಟ್ಟಿಹಾಕುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಾಯ್ದುಕೊಳ್ಳಲು ದೇಹ ಮೂಳೆಯಿಂದ ಕಡ ತೆಗೆಯುತ್ತದೆ. ಮೂಳೆ ಸಡಿಲವಾಗಿ, ಸ್ನಾಯುರಜ್ಜು ಅಂಟಿದ ಕಡೆಯೆಲ್ಲ ನೋಯುತ್ತದೆ. ಬಹಳ ಮುಂದುವರಿದರೆ ಮುಖದ ಮೂಳೆ ಎರಡೂ ಕಡೆ ಉಬ್ಬುತ್ತದೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಬರಬಹುದು, ಅದನ್ನು ನೋಡಿ ಸುಮ್ಮನಾಗಬೇಡಿ. ಮೂತ್ರದಲ್ಲಿ ರಂಜಕ ಎಷ್ಟು ಹೋಗುತ್ತಿದೆ ಎಂಬ ಪರೀಕ್ಷೆ ಕೇಳಿ. ಬೂಸಾ, ಅಕ್ಕಿ ತೌಡು ಇಳಿಸಿ, ಕುದುರೆಮಸಾಲೆ (ಲೂಸರ್ನ್) ಸೊಪ್ಪು ಸೇರಿಸಿ, ನೇಪಿಯರ್ ಬದಲು ಒಣಹುಲ್ಲು ಹುಡುಕಿ. ಬೂಸಾ ಬಿಡಲಾಗದಿದ್ದರೆ ಪ್ರತಿ ಕಿಲೋಗೆ 25–30 ಗ್ರಾಂ ಮೇವಿನ ಸುಣ್ಣದಕಲ್ಲಿನ ಪುಡಿ ಬೇಕು, ಅದೂ ಬರೀ ಸಮ ಮಾಡಲು. ಮನೆಗೆ ಬಳಿಯುವ ಸುಣ್ಣವಲ್ಲ. ಅದು ಬಾಯಿ, ಹೊಟ್ಟೆ ಸುಡುತ್ತದೆ. ಫಲ ಕಾಣಲು ತಿಂಗಳುಗಳೇ ಬೇಕು.

ಹಿಂಗಾಲು ಕುಂಟುತ್ತದೆ ಎನ್ನುವುದಕ್ಕಿಂತ ತೂರಾಡುತ್ತದೆ ಎನಿಸಿದರೆ ನರದ ತೊಂದರೆ ಇರಬಹುದು. ನಡೆಯುತ್ತಿರುವಾಗ ಒಬ್ಬರು ಬಾಲವನ್ನು ಪಕ್ಕಕ್ಕೆ ಎಳೆಯಲಿ. ಆರೋಗ್ಯದ ಕುದುರೆ ಎದುರು ಸೆಳೆಯುತ್ತದೆ, ನರದ ತೊಂದರೆಯದ್ದು ಎಳೆದ ಕಡೆಗೆ ಬರುತ್ತದೆ. ಸಣ್ಣ ಸುತ್ತಿನಲ್ಲಿ ತಿರುಗಿಸಿದಾಗ ಹೊರಗಿನ ಹಿಂಗಾಲನ್ನು ಅಗಲವಾಗಿ ಬೀಸುವುದು, ಹಿಂದಕ್ಕೆ ನಡೆಸಿದಾಗ ಕಾಲೆಳೆಯುವುದು ಇದೇ ಜಾತಿಯ ಸುಳಿವು. ಇಂಥ ಕುದುರೆಯ ಮೇಲೆ ಯಾರೂ ಹತ್ತಬಾರದು.

ಸರ್ರಾ ರೋಗವನ್ನೂ ಮರೆಯಬೇಡಿ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಟ್ರಿಪನೊಸೋಮಾ ಇವಾನ್ಸಿ ಪರೋಪಜೀವಿಯಿಂದ ಬರುವ ಇದರಲ್ಲಿ ಜ್ವರ ಬಂದು ಹೋಗುತ್ತದೆ, ಕುದುರೆ ಬಡಕಲಾಗುತ್ತದೆ, ಕಾಲು ಮತ್ತು ಹೊಟ್ಟೆಯಡಿ ನೀರು ತುಂಬುತ್ತದೆ, ಹಿಂಭಾಗ ಸೋಲುತ್ತದೆ. ರಕ್ತದ ಲೇಪವನ್ನು ಜ್ವರ ಇರುವ ಹೊತ್ತಿಗೇ ತೆಗೆಸಬೇಕು. ಒಂದು ಸಲ ಸಿಗಲಿಲ್ಲವೆಂದರೆ ಇಲ್ಲವೆಂದಲ್ಲ.

ಇನ್ನು ಹತ್ತಿದಾಗ ಮಾತ್ರ ಕುಂಟುವ ಕುದುರೆಗೆ ತಡಿ ಇಳಿಸಿ ಬೆನ್ನು ನೋಡಿ. ತಡಿ ತೆಗೆದಾಗ ಬೆವರಿನ ನಡುವೆ ಒಣಗಿದ ತೇಪೆ ಇದ್ದರೆ ಅಲ್ಲಿ ಒತ್ತಡ ಹೆಚ್ಚಿದೆ. ಹಿಂಗಾಲು ಹಿಂದಕ್ಕೆ ಚಾಚಿ ಮರದಂತೆ ಸೆಟೆದು, ಥಟ್ಟನೆ ಬಿಟ್ಟುಕೊಳ್ಳುತ್ತಿದ್ದರೆ ಮೊಣಚಿಪ್ಪು ಸಿಕ್ಕಿಕೊಳ್ಳುವ ಯಾಂತ್ರಿಕ ತೊಂದರೆ, ನೋವಿನದ್ದಲ್ಲ.

ನೋವಿನ ಔಷಧದ ಪರೀಕ್ಷೆ

ನೋವೋ, ಯಾಂತ್ರಿಕವೋ, ನರದ್ದೋ ಎಂದು ತಿಳಿಯದಿದ್ದಾಗ ಡಾಕ್ಟರು ಐದಾರು ದಿನ ನೋವಿನ ಔಷಧ ಕೊಟ್ಟು ನೋಡಬಹುದು. ಫಿನೈಲ್‌ಬ್ಯುಟಜೋನ್ ಆದರೆ ಕಿಲೋಗೆ 2.2 ಮಿಲಿಗ್ರಾಂ ದಿನಕ್ಕೆರಡು ಸಲ, ಮೆಲಾಕ್ಸಿಕಾಮ್ ಆದರೆ 0.6 ಮಿಲಿಗ್ರಾಂ ದಿನಕ್ಕೊಂದು ಸಲ ರೂಢಿ. ತೂಕ ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ: ಎದೆಸುತ್ತು × ಎದೆಸುತ್ತು × ಮೈಯುದ್ದ (ಭುಜದ ಮುಂತುದಿಯಿಂದ ಪೃಷ್ಠದ ತುದಿಗೆ), ಎಲ್ಲ ಸೆಂಟಿಮೀಟರಿನಲ್ಲಿ, ಭಾಗಿಸು 11,880. ಎದೆಸುತ್ತು 165, ಉದ್ದ 140 ಇದ್ದರೆ ಸುಮಾರು 320 ಕಿಲೋ. ಈ ಗಾತ್ರದ ಟಾಂಗಾ ಕುದುರೆಗೆ ದೊಡ್ಡ ರೇಸ್ ಕುದುರೆಯ ಡೋಸು ಕೊಟ್ಟರೆ ಕರುಳು, ಹೊಟ್ಟೆ, ಮೂತ್ರಪಿಂಡ ಮೂರಕ್ಕೂ ಕುತ್ತು. ಎರಡು ಬಗೆಯ ನೋವಿನ ಔಷಧ ಒಟ್ಟಿಗೆ ಕೊಡುವುದಂತೂ ಯಾವತ್ತೂ ಬೇಡ. ತೆಳ್ಳಗೆ ಸೆಗಣಿ, ಮೇವು ಬಿಡುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ.

ಔಷಧದಲ್ಲಿ ಕುಂಟು ಇಳಿದರೆ ನೋವು ಎಂದಾಯಿತು, ಜಾಗ ಹುಡುಕುವುದು ಇನ್ನೂ ಬಾಕಿ. ಇಳಿಯಲಿಲ್ಲವೆಂದರೆ ನೋವಿಲ್ಲ ಎಂದು ಪೂರ್ತಿ ಹೇಳಲಾಗದು. ಗೊರಸಿನ ಕೀವು ಈ ಔಷಧಗಳಿಗೆ ಸರಿಯಾಗಿ ಬಗ್ಗುವುದಿಲ್ಲ. ಕುಂಟು ಇಳಿದಿದೆ ಎಂದು ಆ ದಿನಗಳಲ್ಲಿ ಗಾಡಿಗೆ ಹೂಡುವುದು ಮಾತ್ರ ತಪ್ಪು. ಅಂಗಡಿಯವರು ಕೊಡುವ ಔಷಧದ ಹೆಸರನ್ನೂ ಓದಿ: ಪ್ರಾಣಿಗಳಿಗೆ ಡೈಕ್ಲೋಫೆನಾಕ್ 2006ರಿಂದ, ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ 2023ರಿಂದ ನಿಷೇಧ, ಸತ್ತ ಪ್ರಾಣಿ ತಿಂದ ರಣಹದ್ದುಗಳು ಸಾಯುತ್ತವೆ ಎಂಬ ಕಾರಣಕ್ಕೆ. ರಾಮನಗರದ ರಾಮದೇವರ ಬೆಟ್ಟದ ಹದ್ದುಗಳಿಗೆ ನಮ್ಮ ಲಾಯದ ಇಂಜೆಕ್ಷನ್ ಪೆಟ್ಟಿಗೆಯೂ ಸಂಬಂಧಪಟ್ಟದ್ದೇ.

ಉತ್ತರ ಸಿಗದೆ ಉಳಿದ ತಿಂಗಳುಗಳು

ಇಷ್ಟೆಲ್ಲ ಆದರೂ ಕೆಲವು ಕುದುರೆಗಳ ಕುಂಟಿಗೆ ಹೆಸರು ಸಿಗುವುದಿಲ್ಲ. ಆಗ ನಾಲ್ಕು ವಾರ ಸಣ್ಣ ಜಾಗದಲ್ಲಿ ಇಡಿ: 12 ಅಡಿ ಚದರದ ಲಾಯ, ಸಾಧ್ಯವಾದರೆ ಮುಂದೆ 20 ಅಡಿ ಚದರದ ಅಂಗಳ. ಅರ್ಧ ಅಡಿ ದಪ್ಪಕ್ಕೆ ಒಣಹುಲ್ಲು ಅಥವಾ ಮರದ ಹೊಟ್ಟು ಹಾಸಿ. ಕೆಲಸ ನಿಂತ ದಿನವೇ ಕಾಳು ಕಡಿಮೆ ಮಾಡಿ. ಹುರುಳಿ, ಓಟ್ಸ್ ಹಿಂದಿನ ಪ್ರಮಾಣದಲ್ಲೇ ಮುಂದುವರಿದರೆ ಕುಂಟಿನ ಮೇಲೆ ಲ್ಯಾಮಿನೈಟಿಸ್ ಬರುತ್ತದೆ. 320 ಕಿಲೋದ ಕುದುರೆಗೆ ದಿನಕ್ಕೆ 5ರಿಂದ 6 ಕಿಲೋ ಒಣಹುಲ್ಲು, ನಾಲ್ಕೈದು ಸಲವಾಗಿ. ಉಪ್ಪು, ನೀರು ಯಾವಾಗಲೂ. ಒಳ್ಳೆಯ ಕಾಲಿನ ನಾಡಿಯನ್ನು ದಿನಕ್ಕೆರಡು ಸಲ ನೋಡಿ. ತಿಂಗಳುಗಟ್ಟಲೆ ಇಮ್ಮಡಿ ಭಾರ ಹೊತ್ತ ಆ ಕಾಲೇ ಕೊನೆಗೆ ಕುಸಿಯುವುದುಂಟು.

ನಾಲ್ಕು ವಾರದ ನಂತರ ಮತ್ತೆ ಅದೇ ನೆಲದಲ್ಲಿ ಓಡಿಸಿ ಚಿತ್ರ ತೆಗೆಯಿರಿ. ಮಟ್ಟ ಇಳಿದಿದ್ದರೆ ಕೈಹಗ್ಗದಲ್ಲಿ 5 ನಿಮಿಷ, ದಿನಕ್ಕೆರಡು ಸಲ, ಗಟ್ಟಿ ಸಮ ನೆಲದಲ್ಲಿ ನೇರ ನಡಿಗೆ. ವಾರಕ್ಕೆ 5 ನಿಮಿಷದಂತೆ ಏರಿಸಿ. 40 ನಿಮಿಷ ಕುಂಟದೆ ನಡೆದ ಮೇಲೆ ಒಂದು ನಿಮಿಷದ ಟ್ರಾಟ್ ಸೇರಿಸಿ. ಕುಂಟು ಒಂದು ಮಟ್ಟ ಏರಿದರೆ ಎರಡು ವಾರದ ಹಿಂದಿನ ಪ್ರಮಾಣಕ್ಕೆ ಇಳಿಯಿರಿ. ಮಟ್ಟ ಇಳಿಯದಿದ್ದರೆ ಇನ್ನೂ ಕಟ್ಟಿಹಾಕುವುದರಿಂದ ಲಾಭವಿಲ್ಲ. ಕೀಲು ಸವೆತದ ಕುದುರೆಗೆ ನಿಂತಷ್ಟೂ ಬಿಗಿತ ಹೆಚ್ಚು. ಸಣ್ಣ ಬಯಲಿನಲ್ಲಿ ತಾನಾಗಿ ಓಡಾಡಲು ಬಿಡಿ. ಈ ಇಡೀ ಕಾಲದಲ್ಲಿ ಬದಲಾವಣೆ ಮಾಡುವುದಿದ್ದರೆ ಒಂದು ಸಲಕ್ಕೆ ಒಂದೇ, ಅದರ ಫಲ ನೋಡಲು ಕನಿಷ್ಠ ಎರಡು ವಾರ. ಲಾಳದ ಬದಲಾವಣೆಗೆ ಒಂದು ಪೂರ್ತಿ ಅವಧಿ.

ಕುಂಟುವ ಕುದುರೆಯನ್ನು ಗಾಡಿಗೆ ಕಟ್ಟುವುದು ಕ್ರೂರತನ ಮಾತ್ರವಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮಟ್ಟ 2ರಲ್ಲಿ ನಿಂತು, ಮೈ ತುಂಬಿಕೊಂಡು, ತಾನಾಗಿ ಮಲಗಿ ಏಳುವ ಕುದುರೆ ಕೆಲಸವಿಲ್ಲದೆ ವರ್ಷಗಟ್ಟಲೆ ನೆಮ್ಮದಿಯಾಗಿರಬಹುದು. ದಿನವೂ ಔಷಧವಿದ್ದರೂ ಮಟ್ಟ 4ರಿಂದ ಕೆಳಗಿಳಿಯದ, ಮಲಗಲು ಹೆದರುವ, ಮೈಯಿಳಿಯುತ್ತಿರುವ ಕುದುರೆಯ ಬಗ್ಗೆ ದಯಾಮರಣದ ಮಾತನ್ನು ಡಾಕ್ಟರ ಜೊತೆ ಆಡಬೇಕು, ಅದು ನೆಲಕ್ಕೆ ಬಿದ್ದು ಏಳಲಾರದ ರಾತ್ರಿಯವರೆಗೆ ಮುಂದೂಡಬಾರದು. ಇಂಜೆಕ್ಷನ್ ಕೊಟ್ಟ ಮೈಯನ್ನು ಆಳವಾಗಿ ಹೂಳಬೇಕು. ಬಯಲಿಗೆ ಎಸೆದರೆ ತಿಂದ ನಾಯಿ, ಹದ್ದುಗಳೂ ಸಾಯುತ್ತವೆ.

ಬಯಲಿಗೆ ಬಿಟ್ಟ ಕುದುರೆಗೆ ಲಾಳ ಬೇಡವಾದರೂ 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು. ಬ್ಲಾಕಿನಲ್ಲಿ ತೋರಿದ ಜಾಗದ ಎಕ್ಸ್‌ರೇಯನ್ನು ಮೂರು ತಿಂಗಳಿಗೆ, ಮತ್ತೆ ಆರು ತಿಂಗಳಿಗೆ ಅದೇ ಕೋನದಲ್ಲಿ ತೆಗೆಸಿ ಹಳೆಯದರ ಪಕ್ಕ ಇಟ್ಟು ನೋಡಿಸಿ. ಮೊದಲು ಕಾಣದ ಮೂಳೆಯ ಬದಲಾವಣೆ ಆಗ ಕಾಣುವುದುಂಟು. ಕುಂಟು ಹಠಾತ್ತನೆ ಹೆಚ್ಚಾದ ದಿನವೂ ಡಾಕ್ಟರನ್ನು ಕರೆಸಿ. ಕಾಯಬಾರದ ಲಕ್ಷಣಗಳು ಯಾವುವೂ ಇಲ್ಲವೆಂದು ಖಾತ್ರಿಯಾದ ಮೇಲೆ, ಮಟ್ಟ 1ರಲ್ಲಿ ಫಲಿಸದ ಬ್ಲಾಕನ್ನು ಮಟ್ಟ 3ರಲ್ಲಿ ಮತ್ತೊಮ್ಮೆ ಮಾಡಿಸಲು ಅದೇ ಸರಿಯಾದ ಹೊತ್ತು.